ದರೆಯ ಕೆಳಗಿನ ಜಾಗ

ಮನೆಸಾಲ ಕೊಡುವ ಕಂಪನಿಯಲ್ಲಿ ಎಂಜಿನಿಯರ್ ಅಂದರೆ ನಾನು ಏನೋ ಕಟ್ಟಿಸುತ್ತೇನೆ ಅಂದುಕೊಳ್ಳುತ್ತಾರೆ. ನಾನು ಏನನ್ನೂ ಕಟ್ಟಿಸುವುದಿಲ್ಲ. ಅರ್ಜಿ ಹಾಕಿದವರ ಜಾಗಕ್ಕೆ ಹೋಗಿ, ಟೇಪು ಹಿಡಿದು ಅಳೆದು, ಫೋಟೋ ತೆಗೆದು, ಸಾಲ ಕೊಡಬಹುದೋ ಬೇಡವೋ ಎಂದು ಬರೆದು ಕಳಿಸುತ್ತೇನೆ. ಆಫೀಸು ಇರುವುದು ಕೊಪ್ಪದಲ್ಲಿ. ಶೃಂಗೇರಿಗೂ ನರಸಿಂಹರಾಜಪುರಕ್ಕೂ ನನ್ನ ಸ್ಕೂಟರೇ ಓಡಬೇಕು. ಏನು ಬರೆಯುತ್ತೇನೆಂದು ಅರ್ಜಿದಾರರಿಗೆ ಹೇಳಬಾರದು, ಅದು ಕಂಪನಿಯ ಕಟ್ಟುನಿಟ್ಟಿನ ನಿಯಮ.

ಮೂರು ವರ್ಷದ ಹಿಂದೆ ಕಮ್ಮರಡಿಯಿಂದ ಒಂದು ಫೈಲು ಬಂತು. ಹೆಸರು ನೋಡಿದರೆ ನಮ್ಮ ಟೈಲರ್ ಸಾಹೇಬರು. ನಾನು ಬಾಳಗಡಿಯಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗಿಂದ ನನ್ನ ಬಟ್ಟೆ ಹೊಲಿಯುತ್ತಿದ್ದವರು. ಹಬ್ಬದ ಹಿಂದಿನ ದಿನ ಬಟ್ಟೆ ಕೊಟ್ಟರೂ ಬೈದುಕೊಂಡೇ ಹೊಲಿದುಕೊಡುವ ಮನುಷ್ಯ. ಗಂಡ ಹೆಂಡತಿ ಇಬ್ಬರೂ ಮಿಷನ್ ತುಳಿದು ಒಂದು ಸೈಟು ತೆಗೆದುಕೊಂಡಿದ್ದರು.

ಹೋಗಿ ನೋಡಿದೆ. ಸೈಟಿನ ಹಿಂದೆ ಕಡಿದು ನಿಲ್ಲಿಸಿದ ಮಣ್ಣಿನ ದರೆ, ಎರಡಾಳೆತ್ತರಕ್ಕಿಂತ ಜಾಸ್ತಿ. ಅಡಿಗೆಮನೆಯ ಪಾಯಕ್ಕೆ ಎಳೆದ ಸುಣ್ಣದ ಗೆರೆ ಅದರ ಬುಡಕ್ಕೇ ಅಂಟಿಕೊಂಡಿತ್ತು. ದರೆಯ ಮೇಲೆ ಬಿರುಕು ಕಾಣುತ್ತಿತ್ತು. ಸಾಹೇಬರ ಹೆಂಡತಿ ಸುಣ್ಣದ ಗೆರೆಯೊಳಗೆ ನಿಂತು, "ಇಲ್ಲಿ ಕಿಟಕಿ, ಇಲ್ಲಿ ಮಿಷನ್ನು, ಬೆಳಕು ಚೆನ್ನಾಗಿ ಬರ್ತದಲ್ವಾ?" ಎಂದರು. "ಬರ್ತದೆ" ಎಂದು ನಕ್ಕೆ. ಬೆಳಕಂತೂ ಬರುತ್ತಿತ್ತು. ಆಫೀಸಿಗೆ ಬಂದು, ಜಾಗ ಅಪಾಯಕಾರಿ, ಸಾಲ ಬೇಡ ಎಂದು ಬರೆದೆ.

ಎರಡು ವಾರ ಕಳೆದು ಸಾಹೇಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಜಗಳಕ್ಕೆ ಬಂದವರ ಹಾಗೆ ಇರಲಿಲ್ಲ.

"ನೀವು ಬೇಡ ಅಂದಿದ್ದು ಸರಿಯೇ ಇರಬಹುದು. ಆದರೆ ನನ್ನ ಹೆಂಡ್ತಿ ಅಷ್ಟು ಹೇಳ್ತಾ ಇರುವಾಗ ನಗ್ತಾ ನಿಂತಿದ್ರಲ್ಲ. ಆಗಲೇ ಒಂದು ಮಾತು ಹೇಳಬಾರದಿತ್ತಾ?"

ಹೇಳುವ ಹಾಗಿಲ್ಲ ಎಂದು ವಿವರಿಸಲು ಹೊರಟೆ. ಅವರ ಬಸ್ಸು ಬಂತು, ಹತ್ತಿ ಹೋದರು.

ಆಮೇಲೆ ಭಾವಮೈದನ ಸಹಾಯ ಪಡೆದು ಅಲ್ಲೇ ಮನೆ ಕಟ್ಟಿದರು. ಗೃಹಪ್ರವೇಶಕ್ಕೆ ನನ್ನನ್ನು ಕರೆಯಲಿಲ್ಲ. ನಾನೂ ಬ್ಲೌಸುಗಳನ್ನು ಬೇರೆ ಕಡೆ ಕೊಡತೊಡಗಿದೆ. ಆ ದಾರಿಯಲ್ಲಿ ಹೋದಾಗಲೆಲ್ಲ ಸ್ಕೂಟರ್ ನಿಧಾನ ಮಾಡಿ ದರೆ ನೋಡುತ್ತಿದ್ದೆ. ಒಂದು ಮಳೆಗಾಲ ಪೂರ್ತಿ ಅದು ಬೀಳದೆ ನಿಂತಿತು. ನಾನೇ ಸುಮ್ಮನೆ ಹೆದರಿ ಅವರ ಸಾಲ ತಪ್ಪಿಸಿದೆನೇ ಅನ್ನಿಸುತ್ತಿತ್ತು. ಬಿದ್ದಿದ್ದರೆ ನಾನು ಬರೆದದ್ದು ಸರಿ ಎಂದಾಗುತ್ತಿತ್ತು ಎಂಬ ಯೋಚನೆಯೂ ಒಮ್ಮೆ ಬಂದುಹೋಯಿತು.

ಎರಡನೇ ಮಳೆಗಾಲದಲ್ಲಿ ಅವರ ಹೆಂಡತಿ ಫೋನ್ ಮಾಡಿದರು. "ಬಟ್ಟೆ ಒಗಿಯೋ ಕಲ್ಲಿನ ಮೇಲೆ ಮಣ್ಣು ಬಿದ್ದದೆ. ಇವರಿಗೆ ಗೊತ್ತಿಲ್ದೆ ಮಾಡ್ತಾ ಇದ್ದೇನೆ. ಒಮ್ಮೆ ಬಂದು ನೋಡ್ತೀರಾ?"

ಭಾನುವಾರ ಹೋದೆ. ಸಾಹೇಬರು ನನ್ನನ್ನು ಕಂಡು ಏಣಿ ತಂದು ದರೆಗೆ ಇಟ್ಟು ಹಿಡಿದುಕೊಂಡರು. ಮೇಲೆ ಹತ್ತಿ ನೋಡಿದರೆ ನೀರೆಲ್ಲ ಬಿರುಕಿಗೇ ಇಳಿಯುತ್ತಿತ್ತು. ಮಕ್ಕಳನ್ನು ಮುಂದಿನ ಕೋಣೆಯಲ್ಲಿ ಮಲಗಿಸಿ, ಅಡಿಗೆ ಸದ್ಯಕ್ಕೆ ಜಗಲಿಯಲ್ಲಿ ಮಾಡಿ, ದರೆಯ ಮೇಲೆ ಅಗಳು ತೋಡಿ ನೀರು ಬೇರೆ ಕಡೆ ತಿರುಗಿಸಿ, ಮಳೆ ಬಿಟ್ಟ ಮೇಲೆ ದರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ ಎಂದೆ. ಕಾಗದದ ಮೇಲೆ ಚಿತ್ರ ಬರೆದುಕೊಟ್ಟೆ. ಅವರು ಹಾಗೇ ಮಾಡಿದರು. ಇಂದಿನವರೆಗೆ ನಿಂತಿದೆ. ಮುಂದಿನದನ್ನು ಹೇಳಲಾರೆ, ಅವರಿಗೂ ಹಾಗೇ ಹೇಳಿದ್ದೇನೆ.

ಈಗ ನಾನು ಜಾಗದಲ್ಲೇ ಹೇಳಿಬಿಡುತ್ತೇನೆ. ಮ್ಯಾನೇಜರರಿಂದ ಎರಡು ಸಲ ಬೈಸಿಕೊಂಡಾಗಿದೆ. ಕಳೆದ ತಿಂಗಳು ನೆಮ್ಮಾರಿನಲ್ಲಿ ಒಬ್ಬರಿಗೆ, "ಇಲ್ಲಿ ಬೇಡ, ನಾನು ಹೀಗೆಯೇ ಬರೆಯುವವಳು" ಎಂದಾಗ ಮುಖ ಕೆಂಪಗೆ ಮಾಡಿಕೊಂಡು ಪಕ್ಕದ ಹಳೇ ಮನೆಯೊಳಗೆ ಹೋದರು. ನಾನು ಟೇಪು ಸುತ್ತುತ್ತಿದ್ದೆ. ಅವರು ಚಪ್ಪಲಿ ಮೆಟ್ಟಿಕೊಂಡು ಮತ್ತೆ ಹೊರಗೆ ಬಂದು, "ಹಾಗಾದ್ರೆ ಎಲ್ಲಿ ಕಟ್ಟೋದು ಮಾರಾಯ್ತಿ, ಅದನ್ನಾದ್ರೂ ತೋರ್ಸು" ಎಂದರು. ಮಧ್ಯಾಹ್ನದವರೆಗೆ ಇಬ್ಬರೂ ಆ ಜಾಗವನ್ನೆಲ್ಲ ಸುತ್ತಿದೆವು.