ಕಾಣದ ಪಾಸ್‌ವರ್ಡ್

ಕೆಲಸದ ನಟ್ಟನಡುವೆ ಅಪ್‌ಡೇಟ್ ಅಂತ ನಿಂತು ವಿಂಡೋಸ್ ಎರಡು ಸಲ ಕೈಕೊಟ್ಟಿದ್ದಕ್ಕೆ, ಲ್ಯಾಪ್‌ಟಾಪಿಗೆ ಹೊಸದಾಗಿ ಲಿನಕ್ಸ್ ಹಾಕಿಕೊಂಡು ಮಮದಾಪುರದ ಹೊಲಕ್ಕೆ ಬಂದಿದ್ದೆ. ಹವಾಮಾನ ಉಪಗ್ರಹ ತಲೆ ಮೇಲಿರೋದು ಹತ್ತೇ ನಿಮಿಷ; ಅಷ್ಟರಲ್ಲಿ ಅದು ಕಳಿಸುವ ಮೋಡದ ಚಿತ್ರವನ್ನು ಆಂಟೆನಾದಿಂದ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಬೇಕು. ಪಡುವಣ ಆಗಲೇ ಕಪ್ಪಾಗಿತ್ತು. ಬಾಜೂಕ ಕುರಿ ಮೇಯಿಸುತ್ತಿದ್ದ ಕಾಕಾ, "ಆಣಿಕಲ್ಲ ಬಿದ್ರ ಮರಿ ಉಳಿಯಂಗಿಲ್ರಿ, ಲಗೂನ ನೋಡ್ರಿ" ಅಂದರು.

ಪಾಸ್‌ವರ್ಡ್ ಒತ್ತಿದೆ. ಒಂದಕ್ಷರವೂ ಮೂಡಲಿಲ್ಲ. ಕೀಬೋರ್ಡೇ ಸತ್ತಿತೆಂದುಕೊಂಡೆ.

"ಏನೂ ಕಾಣವಲ್ದು ಕಾಕಾ."

"ನಿಮ್ಮ ಉಪಗ್ರಹನೂ ನನಗ ಕಾಣವಲ್ದು. ನಿಮ್ಮ ಮಾತ ನಂಬಿ ನಿಂತಿಲ್ಲೇನ್ರಿ?"

ಕಣ್ಣು ಮುಚ್ಚಿ ಎಂಟರ್ ಒತ್ತಿದೆ. ತೆರೆದುಕೊಂಡಿತು! ಲಿನಕ್ಸ್ ಪಾಸ್‌ವರ್ಡನ್ನು ತೋರಿಸದೆಯೇ ತೆಗೆದುಕೊಳ್ಳುತ್ತದೆ ಅಂತ ಆಗ ಗೊತ್ತಾಯಿತು. ಗೆರೆಗೆರೆಯಾಗಿ ಚಿತ್ರ ಇಳಿಯಿತು. ಬೆಳ್ಳನೆಯ ಮೋಡ ಹುಕ್ಕೇರಿ ದಾಟಿ ನಮ್ಮೂರಿನ ಅಂಚಿಗೇ ಬಂದಿತ್ತು.

ಕುರಿ ಹೊಡಕೊಂಡು ಊರ ಶಾಲೆಯ ಕಟ್ಟಡದ ಕಡೆ ಓಡಿದೆವು. ದಾರಿಯಲ್ಲೇ ಆಣಿಕಲ್ಲು ಶುರುವಾಯಿತು. ಕಾಕಾ ತಮ್ಮ ಕಂಬಳಿ ತೆಗೆದು ಹೊದಿಸಿದರು, ನನಗಲ್ಲ, ಲ್ಯಾಪ್‌ಟಾಪಿಗೆ.