ಎರಡೂ ಕೈ ಬೇಕಾದ ನಮಸ್ಕಾರ

ಮಾನ್ಯ ಓದುಗ ಮಹಾಶಯರ ಸನ್ನಿಧಿಗೆ, ಮಲೇಷ್ಯಾದ ಸುಬಾಂಗ್ ಜಯಾದ ನಿವಾಸಿಯಾದ ನಾನು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಈ ಬರಹದಲ್ಲಿ ಕಂಡುಬರುವ ಕಾಗುಣಿತದ ದೋಷಗಳನ್ನೂ ನನ್ನ ಕೆಟ್ಟ ಕೈಬರಹವನ್ನೂ ತಾವು ದಯಮಾಡಿ ಮನ್ನಿಸಬೇಕು. ಇದು ನನ್ನ ಮೊದಲ ಪ್ರಬಂಧ. ಇದಕ್ಕೆ ಮುಂಚೆ ಕನ್ನಡದಲ್ಲಿ ನಾನು ಬರೆದಿರುವುದು ರಜೆಯ ಅರ್ಜಿ, ವರ್ಗಾವಣೆಯ ಅರ್ಜಿ, ನಲ್ಲಿಯಲ್ಲಿ ನೀರು ಬಾರದ ಬಗ್ಗೆ ದೂರು, ಇಷ್ಟೇ. ಆದಕಾರಣ ವಾಕ್ಯಗಳು ಅಲ್ಲಲ್ಲಿ ಕೈಕಟ್ಟಿ ನಿಂತಂತೆ ಕಂಡರೆ ಅದು ಅಭ್ಯಾಸಬಲವೇ ಹೊರತು ಅಳುಕಲ್ಲ. ಹೇಳಬೇಕಾದ ಸಂಗತಿಯ ಬಗ್ಗೆ ನನಗೆ ಕಿಂಚಿತ್ತೂ ಅಳುಕಿಲ್ಲ.

ಕಳೆದ ವಾರ ಕಚೇರಿಯಿಂದ ರೈಲಿನಲ್ಲಿ ಮರಳುತ್ತಿದ್ದಾಗ ಪಕ್ಕದಲ್ಲಿ ಕುಳಿತ ಕಾಲೇಜು ಹುಡುಗಿಯೊಬ್ಬಳು ಮೊಬೈಲಿನಲ್ಲಿ ಏನನ್ನೋ ನೋಡುತ್ತ ತುಟಿ ಕಚ್ಚಿ ನಗು ತಡೆಯುತ್ತಿದ್ದಳು. ಪರರ ಮೊಬೈಲಿಗೆ ಇಣುಕುವುದು ಸಭ್ಯತೆಯಲ್ಲವೆಂಬುದನ್ನು ನಾನು ಬಲ್ಲೆ. ಬಲ್ಲವನಾಗಿಯೂ ಇಣುಕಿದೆ. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕೈಗಳನ್ನು ಹಿಂದಕ್ಕೆ ಎತ್ತಿ, ಮುಖದಲ್ಲಿ ಮಾತ್ರ ಅತಿಥಿಸತ್ಕಾರದ ನಗೆ ತುಂಬಿಕೊಂಡು ನಿಂತಿದ್ದ ಒಬ್ಬ ಇಂಗ್ಲಿಷ್ ಮನುಷ್ಯ ಕಾಣಿಸಿದ. ನನ್ನ ನಿಲ್ದಾಣ ಬಂದಿತು. ಇಳಿದೆ. ಮನೆ ತಲಪುವವರೆಗೂ ನನ್ನ ಕಣ್ಣ ಮುಂದೆ ಇದ್ದುದು ಮಾತ್ರ ಆ ಮನುಷ್ಯನಲ್ಲ, ನಮ್ಮ ಫೆಲಿಕ್ಸ್‌ರವರು.

ಆ ಹುಡುಗಿ ನೋಡುತ್ತಿದ್ದ ಸದರಿ ಧಾರಾವಾಹಿ ಬ್ರಿಟಿಷರ ಹಳೆಯ ಹಾಸ್ಯಮಾಲಿಕೆ. ಅದರ ಈ ಒಂದು ಕಂತನ್ನು ನೋಡಿದವರೆಲ್ಲ ನೆನಪಿಟ್ಟುಕೊಂಡಿರುವುದು ಅದರ ಮುಕ್ತಾಯಕ್ಕಾಗಿ. ಬಡ್ತಿಯ ಆಸೆಯಿರುವ ಗುಮಾಸ್ತನೊಬ್ಬ ತನ್ನ ಮೇಲಧಿಕಾರಿಯನ್ನು ಊಟಕ್ಕೆ ಕರೆಯುತ್ತಾನೆ. ಮನೆ ಚೆಂದ ಕಾಣಲೆಂದು ಅದೇ ಬೆಳಿಗ್ಗೆ ಗೋಡೆಗೊಂದು ಹಲಗೆ ಹೊಡೆದು, ಹೆಂಡತಿಯ ಪಿಂಗಾಣಿ ತಟ್ಟೆಗಳನ್ನೆಲ್ಲ ಅದರ ಮೇಲೆ ಜೋಡಿಸುತ್ತಾನೆ. ಊಟದ ನಡುವೆ ಮೊಳೆ ಸಡಿಲವಾಗುತ್ತದೆ. ಅವನು ಯಾರಿಗೂ ತಿಳಿಯದಂತೆ ಎದ್ದುಹೋಗಿ ಬೆನ್ನ ಹಿಂದೆ ಎರಡೂ ಕೈಗಳಿಂದ ಹಲಗೆಯನ್ನು ಎತ್ತಿ ಹಿಡಿದು ನಿಂತುಬಿಡುತ್ತಾನೆ. ಕೊನೆಗೆ ಅಧಿಕಾರಿ ಹೊರಡುತ್ತಾನೆ, ಬಡ್ತಿ ಕೊಟ್ಟಿದ್ದೇನೆ ಎಂದು ಕೈ ಚಾಚುತ್ತಾನೆ. ಗುಮಾಸ್ತ ಆ ಕೈಯನ್ನು ನೋಡುತ್ತಾನೆ. ಪರದೆ ಕಪ್ಪಾಗುತ್ತದೆ. ಕತ್ತಲಲ್ಲಿ ಸದ್ದು ಮಾತ್ರ.

ಫೆಲಿಕ್ಸ್‌ರವರನ್ನು ತಮಗೆ ಪರಿಚಯಿಸಬೇಕಾಗಿದೆ. ಅವರು ಮಂಗಳೂರಿನ ಕ್ಯಾಥೊಲಿಕರು, ಇಲ್ಲಿನ ಒಂದು ಕಂಪನಿಯಲ್ಲಿ ಅಧಿಕಾರಿಗಳು, ನಮ್ಮದೇ ಕಟ್ಟಡದ ಮೇಲಂತಸ್ತಿನವರು. ಅವರ ಮನೆಯಲ್ಲಿ ಕೊಂಕಣಿ, ಹೊಸ್ತಿಲು ದಾಟಿದರೆ ಕನ್ನಡ, ಮಗಳು ರೀನಾಳಿಂದ ಎರಡಕ್ಕೂ ಬರುತ್ತಿದ್ದ ಉತ್ತರ ಇಂಗ್ಲಿಷ್. ಹುಡುಗಿಗೆ ಎಲ್ಲವೂ ಅರ್ಥವಾಗುತ್ತಿತ್ತು. ಆದರೆ ತಂದೆ ಕನ್ನಡದಲ್ಲಿ ಎಂಥ ತಮಾಷೆ ಮಾಡಿದರೂ "ಸೋ ಲೇಮ್ ಲಾ, ಪಪ್ಪಾ" ಎಂದು, ಮಲೇಷ್ಯಾದವರು ಮಾತಿನ ತುದಿಗೆ ಹಚ್ಚುವ ‘ಲಾ’ ಸಮೇತ ಒಂದೇ ಷರಾ ಬರೆದು ಕಡತ ಮುಚ್ಚುತ್ತಿದ್ದಳು. ತಂದೆ ಮಗಳು ಕೂಡಿ ನಗುತ್ತಿದ್ದ ಸಂಗತಿ ಒಂದೇ ಒಂದು: ಮೇಲ್ಕಂಡ ಕಂತು. ಅವಳು ಚಿಕ್ಕವಳಿದ್ದಾಗಿನಿಂದ ಜ್ವರ ಬಂದಾಗ, ಪರೀಕ್ಷೆ ಮುಗಿದಾಗ, ಇಬ್ಬರೂ ಮುನಿಸಿಕೊಂಡು ಮಾತು ಬಿಟ್ಟಾಗ ಅದನ್ನು ಹಾಕಿಕೊಂಡು ಕೂರುವುದು ಆ ಮನೆಯ ಪದ್ಧತಿಯಾಗಿತ್ತು.

ರೀನಾ ಓದಲು ಮೆಲಾಕಾಗೆ ಹೋಗಲಿದ್ದ ವರ್ಷ, ನಮ್ಮ ಕನ್ನಡ ಕುಟುಂಬಗಳ ವಾರ್ಷಿಕ ಕೂಟಕ್ಕೆ ಆ ಕಂತನ್ನೇ ಕನ್ನಡ ನಾಟಕವಾಗಿ ಆಡಿಸುವುದೆಂದು ಫೆಲಿಕ್ಸ್‌ರವರು ನಿರ್ಧರಿಸಿದರು. ಗುಮಾಸ್ತ ಸ್ವತಃ ಅವರೇ. ಅಧಿಕಾರಿಯ ಪಾತ್ರಕ್ಕೆ ನನ್ನನ್ನು ಆರಿಸಿದರು. ನನ್ನ ಗಾಂಭೀರ್ಯವನ್ನು ಮೆಚ್ಚಿ ಆರಿಸಿದರೆಂದು ಬಹುಕಾಲ ನಂಬಿದ್ದೆ. ಆ ಕೋಟು ಬೇರೆ ಯಾರ ಹೊಟ್ಟೆಗೂ ಸರಿಹೊಂದಲಿಲ್ಲವೆಂದು ಅನಂತರ ತಿಳಿದುಬಂದಿತು.

ಮಗಳು ಮಾತ್ರ ಒಪ್ಪಲಿಲ್ಲ. "ಪಪ್ಪಾ, ಅದು ಇಂಗ್ಲಿಷಲ್ಲೇ ಫನ್ನಿ. ವೈ ಯು ವಾಂಟ್ ಟು ಸ್ಪಾಯಿಲ್?" ಎಂದು ಬಾಗಿಲು ಹಾಕಿಕೊಂಡಳು.

ಅಂದು ಮಾಮಕ್ ಎಂದು ಇಲ್ಲಿ ಕರೆಯುವ ತಮಿಳು ಮುಸ್ಲಿಮರ ಅಂಗಡಿಯಲ್ಲಿ ಚಹಾ ಕುಡಿಯುವಾಗ ಫೆಲಿಕ್ಸ್‌ರವರ ಮುಖ ಬಾಡಿತ್ತು. "ಅವಳು ಹೇಳಿದ್ದು ಸರಿ ಮಾರಾಯ್ರೆ. ನಮ್ಮಿಬ್ಬರಿಗೆ ಇರುವುದೇ ಇದೊಂದು. ಇದನ್ನೂ ನಾನು ಹಾಳು ಮಾಡಿದ್ರೆ ಇನ್ನು ಕೂತು ನೋಡ್ಲಿಕ್ಕೂ ಏನಿಲ್ಲ."

"ಹಾಗಾದ್ರೆ ಬಿಟ್ಟುಬಿಡಿ ಸರ್. ಬೇರೆ ನಾಟಕ ಮಾಡೋಣ."

"ಬಿಡ್ಲಿಕ್ಕಾಗ್ತದಾ? ಅವಳು ಹೋಗುವ ಮೊದಲು ಒಂದು ಸಲ ನನ್ನ ಕನ್ನಡಕ್ಕೆ ನಗಬೇಕು. ಒಂದೇ ಸಲ." ಅಷ್ಟರಲ್ಲಿ ಏನೋ ಹೊಳೆದು ಮೇಜು ಕುಟ್ಟಿದರು. "ಅಲ್ಲ, ಕೇಳಿ ಇಲ್ಲಿ! ಶೇಕ್‌ಹ್ಯಾಂಡಿಗೆ ಒಂದು ಕೈ ಸಾಕು. ಒಂದು ಕೈ ಬಿಟ್ರೆ ಅರ್ಧ ಬೀಳ್ತದೆ. ನಮಸ್ಕಾರಕ್ಕೆ ಎರಡೂ ಕೈ ಬೇಕು. ಪೂರ್ತಿ ಬೀಳ್ತದೆ! ಇಂಗ್ಲೆಂಡಿನವರಿಗೆ ಈ ಭಾಗ್ಯ ಉಂಟಾ?"

ಪಿಂಗಾಣಿಯ ಬದಲು ಸ್ಟೀಲ್ ಪಾತ್ರೆ ಎಂಬುದೂ ಅಲ್ಲಿಯೇ ತೀರ್ಮಾನವಾಯಿತು. ಪಿಂಗಾಣಿ ಒಡೆದರೆ ಒಂದೇ ಸದ್ದು. ಸ್ಟೀಲ್ ಬಿದ್ದರೆ ಅಷ್ಟಕ್ಕೆ ಸುಮ್ಮನಿರುವುದಿಲ್ಲವೆಂಬುದು ಅಡುಗೆಮನೆ ಕಂಡ ಎಲ್ಲರಿಗೂ ತಿಳಿದ ವಿಷಯ.

ಇಲ್ಲಿ ತಮ್ಮ ಅವಗಾಹನೆಗೆ ಒಂದು ಸಂಗತಿಯನ್ನು ತರಬೇಕಾಗಿದೆ. ನಮ್ಮವರ ಕೂಟಗಳಲ್ಲಿ ಸನ್ಮಾನವೆಂಬುದು ತಪ್ಪದು. ಶಾಲು, ಹಾರ, ಮೈಸೂರು ಪೇಟ, ಹಣ್ಣಿನ ಬುಟ್ಟಿ, ಈ ನಾಲ್ಕೂ ಸಲ್ಲುವವರೆಗೆ ಯಾವ ಕಾರ್ಯಕ್ರಮವೂ ನಡೆಯಿತೆಂದು ನಾವು ಒಪ್ಪುವುದಿಲ್ಲ. ಸನ್ಮಾನ ಮಾಡಬೇಕಾದ ಮುಖ್ಯ ಅತಿಥಿಗಳಾದರೋ ಯಾವಾಗಲೂ ದೂರದವರು, ಯಾವಾಗಲೂ ಬೇಗ ಹೊರಡಬೇಕಾದವರು. ಆ ವರ್ಷ, ನಾಟಕ ಆಡಿಸಿದ ಫೆಲಿಕ್ಸ್‌ರವರನ್ನು ಸನ್ಮಾನಿಸಲು ಬಂದಿದ್ದವರು ಮೆಲಾಕಾದ ವೈದ್ಯಕೀಯ ಕಾಲೇಜಿನ ಪ್ರಾಧ್ಯಾಪಕರು. ಅವರು ಗಡಿಯಾರ ನೋಡಿಕೊಳ್ಳುವುದನ್ನು ಕೂಟದ ಕಾರ್ಯದರ್ಶಿಗಳಾದ, ಧಾರವಾಡದ ವಿಶಾಲಾಕ್ಷಮ್ಮನವರು ಆಗಲೇ ಗಮನಿಸಿದ್ದರು.

ನಾಟಕ ಚೆನ್ನಾಗಿಯೇ ನಡೆಯಿತು. ಜನ ನಕ್ಕರು. ಮೂರನೆಯ ಸಾಲಿನಲ್ಲಿ ರೀನಾ ಮಾತ್ರ ತೋಳು ಕಟ್ಟಿ ಕುಳಿತಿದ್ದಳು. ಫೆಲಿಕ್ಸ್‌ರವರು ಪಾತ್ರೆಗಳ ಹಲಗೆಯನ್ನು ಬೆನ್ನ ಹಿಂದೆ ಹಿಡಿದು, ಪ್ರತಿ ಮಾತಿನ ಕೊನೆಗೂ ಆ ಸಾಲಿನತ್ತ ಒಮ್ಮೆ ನೋಡುತ್ತಿದ್ದರು. ಅವರ ಹಣೆಯ ಬೆವರು ಅಭಿನಯದ್ದಾಗಿರಲಿಲ್ಲ.

ನಾನು, "ಬಡ್ತಿ ಮಂಜೂರಾಗಿದೆ. ಹಾಗಾದರೆ ಬರುತ್ತೇನೆ" ಎಂದೆ. ಇನ್ನು ಕೈ ಮುಗಿಯುವುದೊಂದು ಬಾಕಿ. ಆದರೆ ಅತಿಥಿ ಹೊರಟ ಮೇಲೆ ನಾಟಕದಲ್ಲಿ ಇನ್ನೇನಿರುತ್ತದೆ ಎಂದು ವಿಶಾಲಾಕ್ಷಮ್ಮನವರು ಭಾವಿಸಿದರು. ರಂಗದ ಪಕ್ಕದಿಂದ ಅವರ ಧ್ವನಿ ಕೇಳಿಸಿತು: "ಮುಗೀತ್ರೀ, ಮುಗೀತು! ಡಾಕ್ಟರ್ ಸಾಹೇಬ್ರು ಹೊಂಟಾರ, ಲಗೂನ ಶಾಲು ಕೊಡ್ರಿ!" ನೋಡುನೋಡುತ್ತಿದ್ದಂತೆ ಪ್ರಾಧ್ಯಾಪಕರು ರಂಗದ ಮೇಲಿದ್ದರು.

ಫೆಲಿಕ್ಸ್‌ರವರ ಹೆಗಲಿಗೆ ಶಾಲು ಬಿತ್ತು. ಕೊರಳಿಗೆ ಹಾರ ಬಿತ್ತು. ತಲೆಗೆ, ಅಳತೆಗಿಂತ ದೊಡ್ಡದಾದ ಪೇಟ ಕುಳಿತಿತು. ಹಣ್ಣಿನ ಬುಟ್ಟಿಯನ್ನು ಚಾಚಿದ ಪ್ರಾಧ್ಯಾಪಕರು, "ತಗೊಳ್ಳಿ ಸರ್, ಸಂಕೋಚ ಬೇಡ" ಎಂದರು.

"ಈಗ ಎಂತ ಮಾಡುದು ಮಾರಾಯ್ರೆ?" ಎಂದು ಫೆಲಿಕ್ಸ್‌ರವರು ತುಟಿ ಅಲ್ಲಾಡಿಸದೆ ನನ್ನನ್ನು ಕೇಳಿದರು. ಜೀವಮಾನವಿಡೀ ಮೇಲಿನ ಆದೇಶಕ್ಕಾಗಿ ಕಾದವನು ನಾನು, ಆಗಲೂ ಕಾದೆ. ಬುಟ್ಟಿಯನ್ನು ನಾನೇ ಇಸಿದುಕೊಂಡೆ, ಅಷ್ಟೇ ನನ್ನಿಂದ ಸಾಧ್ಯವಾದದ್ದು. ಕೈ ಖಾಲಿಯಾದ ಪ್ರಾಧ್ಯಾಪಕರು ಒಂದು ಹೆಜ್ಜೆ ಹಿಂದೆ ಸರಿದು, ಬಹಳ ಗೌರವದಿಂದ ಎರಡೂ ಕೈ ಜೋಡಿಸಿ, "ನಮಸ್ಕಾರ" ಎಂದರು.

ಫೆಲಿಕ್ಸ್‌ರವರು ಪ್ರಾಧ್ಯಾಪಕರ ಆ ಜೋಡಿಸಿದ ಕೈಗಳನ್ನು ನೋಡಿದರು. ಅವರ ಮುಖದಲ್ಲಿ ನಾಟಕವೂ ಇರಲಿಲ್ಲ, ನಗೆಯೂ ಇರಲಿಲ್ಲ. ಎಲ್ಲವೂ ಹಾಳಾಯಿತೆಂದು ತಿಳಿದ ಮನುಷ್ಯನ ಮುಖ ಅದು. ಹಲಗೆಯನ್ನು ಸದ್ದಿಲ್ಲದೆ ಇಳಿಸಿ ಕ್ಷಮೆ ಕೇಳುವ ಆಲೋಚನೆಯಲ್ಲಿದ್ದರೆಂದು ಅವರೇ ಅನಂತರ ಹೇಳಿದ್ದುಂಟು.

ಆಗ ಮೂರನೆಯ ಸಾಲಿನಲ್ಲಿ ಒಂದು ಕುರ್ಚಿ ಕಿರುಗುಟ್ಟಿತು. ರೀನಾ ಎದ್ದು ನಿಂತಿದ್ದಳು.

"ಪಪ್ಪಾ! ನಮಸ್ಕಾರ ಮಾಡಿ ಮಾರಾಯ್ರೆ!"

ಅಚ್ಚ ಮಂಗಳೂರು ಕನ್ನಡ. ಇಪ್ಪತ್ತು ಮನೆಯ ಜನ ತಿರುಗಿ ನೋಡಿದರು. ಫೆಲಿಕ್ಸ್‌ರವರ ಬೆನ್ನು ನೆಟ್ಟಗಾಯಿತು. ಅವರು ನಿಧಾನವಾಗಿ, ಮುಖದ ತುಂಬ ಅತಿಥಿಸತ್ಕಾರ ತಂದುಕೊಂಡು, ಎರಡೂ ಕೈಗಳನ್ನು ಮುಂದೆ ತಂದು ಜೋಡಿಸಿದರು.

ತಟ್ಟೆ, ಲೋಟ, ಇಡ್ಲಿ ಪಾತ್ರೆ, ಒಂದೂ ಉಳಿಯಲಿಲ್ಲ. ಪ್ರಾಧ್ಯಾಪಕರು ಹಾರಿ ನನ್ನ ತೋಳು ಹಿಡಿದುಕೊಂಡರು. ದೀಪ ಆರಿಸಬೇಕಾದವನು ನಗುತ್ತ ಆರಿಸುವುದನ್ನೇ ಮರೆತ. ಕೊನೆಗೊಂದು ಮುಚ್ಚಳ ರಂಗದ ನಡುವೆ ಗಿರಗಿರನೆ ತಿರುಗುತ್ತಲೇ ಇತ್ತು. ಅದು ನಿಲ್ಲುವವರೆಗೆ ಎಲ್ಲರೂ ಉಸಿರು ಹಿಡಿದು ಕಾದರು. ನಿಂತಿತು. ಆಮೇಲೆ ಎದ್ದ ನಗುವಿನಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿ ಕೇಳಿಸಿದ್ದು ರೀನಾಳ ನಗು. ಪೇಟ ಮೂಗಿನವರೆಗೆ ಜಾರಿದ್ದರಿಂದ ಫೆಲಿಕ್ಸ್‌ರವರಿಗೆ ಏನೂ ಕಾಣಿಸುತ್ತಿರಲಿಲ್ಲ. ಅದನ್ನು ಅವರು ಸರಿಪಡಿಸಿಕೊಳ್ಳಲೂ ಇಲ್ಲ. ಕೈ ಮುಗಿದುಕೊಂಡೇ ನಿಂತು ಕೇಳಿಸಿಕೊಂಡರು.

ಕಾರು ನಿಲ್ಲಿಸಿದ ಕಡೆ ಅವಳು, "ಓಕೆ ಲಾ ಪಪ್ಪಾ, ಯುವರ್ ಎಂಡಿಂಗ್ ಈಸ್ ಬೆಟರ್" ಎಂದಳು.

"ಅದನ್ನೇ ಕನ್ನಡದಲ್ಲಿ ಹೇಳು ನೋಡುವಾ."

"ಡೋಂಟ್ ಬಿ ಗ್ರೀಡಿ."

ರೈಲಿನಿಂದ ಇಳಿದು ಮನೆಗೆ ಬಂದವನು ಅಂದು ಆ ಕಂತನ್ನು ಮೊದಲಿನಿಂದ ನೋಡಿದೆ. ಕೈ ಚಾಚಿತು, ಪರದೆ ಕಪ್ಪಾಯಿತು, ಸದ್ದಾಯಿತು. ಅದು ಉತ್ತಮ ಕೃತಿಯೆಂಬುದರಲ್ಲಿ ಎರಡು ಮಾತಿಲ್ಲ. ಆದರೂ ಅದರಲ್ಲಿ ಆ ಗುಮಾಸ್ತ ಒಬ್ಬಂಟಿಯಾಗಿ ನಿರ್ಧರಿಸುತ್ತಾನೆ; ಬಿಡು ಎಂದು ಹೇಳಲು ಅವನಿಗೆ ಯಾರೂ ಇಲ್ಲ. ಇದನ್ನು ನಾನು ಹಿಂದೆಂದೂ ಗಮನಿಸಿರಲಿಲ್ಲ. ರೀನಾಳ ಮಾತನ್ನು ಇಲ್ಲಿ ದೃಢೀಕರಿಸುತ್ತೇನೆ: ನಮ್ಮ ಮುಕ್ತಾಯವೇ ಮೇಲು.

ಈ ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ತಾವು ದಯವಿಟ್ಟು ತಿದ್ದಬೇಕಾಗಿ ಕೋರುತ್ತೇನೆ. ಮನಸ್ಸಿನಲ್ಲೇ ತಿದ್ದಿಕೊಂಡು ಸುಮ್ಮನಿರಬೇಡಿ. ಕುಳಿತಲ್ಲಿಂದ ಎದ್ದು ನಿಂತು, ನನಗೆ ಕೇಳಿಸುವಂತೆ ಕೂಗಿ ಹೇಳಿ.