ದೇವರ ಎಡಕ್ಕೆ ಬಿದ್ದ ಮುತ್ತುಗ

ಮೊನ್ನೆ ಪುಣೆಯ ವಾಕಡದ ನಮ್ಮ ಮನೆಯಲ್ಲಿ ಹೂದಾನಿ ತೊಳೆಯಲೆಂದು ಬಗ್ಗಿಸಿದೆ. ಸೇವಂತಿಗೆಯ ದಂಟು ಕೊಳೆತ ನೀರು ಗಪ್ಪನೆ ಮೂಗಿಗೆ ಹೊಡೆಯಿತು. ಮೇಲೆ ಹೂ ಮಾತ್ರ ನಿನ್ನೆ ತಂದಂತೆ ನಗುತ್ತಿತ್ತು. ಸೇವಂತಿಗೆಯ ಜಾತಿಯೇ ಹಾಗೆ, ಕೆಳಗೆ ಕೊಳೆತರೂ ಮೇಲೆ ಹೇಳುವುದಿಲ್ಲ... ಹಿಂದೊಮ್ಮೆ ಎದುರುಮನೆಯಲ್ಲಿದ್ದ ಕಾಕು ನೆನಪಾದರು.

ತೊಂಬತ್ತರ ದಶಕ. ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಪುಣೆ ಕ್ಯಾಂಪಿನ ಚಾಳ್ ಎಂಬ ವಠಾರಕ್ಕೆ ಬಂದಾಗ ನನಗೆ ಮರಾಠಿ ಬರುತ್ತಿರಲಿಲ್ಲ. ಎದುರು ಬಾಗಿಲಲ್ಲಿ ಕನ್ನಡ ಕೇಳಿಸಿದ್ದೇ ತವರು ಸಿಕ್ಕಂತಾಗಿತ್ತು. ಕಾಕುವಿನ ಗಂಡ ಕಾಕಾ ಬಟ್ಟೆ ಅಂಗಡಿಯ ಗುಮಾಸ್ತರು, ಭಾರಿ ದೈವಭಕ್ತರು. ಕಾಕು ಹೋಟೆಲುಗಳಿಗೆ, ಮದುವೆ ಮನೆಗಳಿಗೆ ಹೂದಾನಿ ಜೋಡಿಸಿಕೊಡುತ್ತಿದ್ದರು. ಜೊತೆಗೆ ಕೂತು ನಾನೂ ಕಲಿತೆ. ಚಳಿಗಾಲಕ್ಕೆ ಸೇವಂತಿಗೆ, ಆಸ್ಟರ್, ಗ್ಲಾಡಿಯೋಲಸ್. ಶಿವರಾತ್ರಿ ಹತ್ತಿರ ಬಂತೆಂದರೆ ಗುಡ್ಡದ ಕಡೆಯಿಂದ ಮುತ್ತುಗದ ಟೊಂಗೆ ಬರುತ್ತಿತ್ತು, ಕೆಂಡ ಕಟ್ಟಿದಂತೆ. ಆ ಕೆಲವು ವಾರ ಎರಡೂ ಋತು ಒಂದೇ ಹೂದಾನಿಯಲ್ಲಿ.

"ಇವನ್ನ ಕೂಡಿಸೋದಂದ್ರ ಅತ್ತಿ ಸೊಸೀನ ಒಂದ ಅಡಗಿಮನ್ಯಾಗ ನಿಂದ್ರಿಸಿದಂಗ," ಎನ್ನುತ್ತಿದ್ದರು ಕಾಕು. "ಸೇವಂತಗಿ ಅತ್ತಿ. ಒಣಗಿದ್ರೂ ಕುರ್ಚಿ ಬಿಡಂಗಿಲ್ಲ. ಮುತ್ತಲ ಸೊಸಿ. ಮುಟ್ಟಿದ್ರ ಸಾಕು, ಉದುರತಾಳ." ಹೇಳಿ ನನ್ನ ಕಡೆ ನೋಡಿ ನಗುತ್ತಿದ್ದರು.

ಒಂದು ಚಳಿಗಾಲದ ಕೊನೆಗೆ ಕಾಕುವಿನ ಎದೆಯಲ್ಲಿ ಗಂಟು ಕಾಣಿಸಿತು. ಡಾಕ್ಟರು ಕೂಡಲೇ ಆಪರೇಷನ್ ಆಗಬೇಕೆಂದರು. ಕಾಕುವಿನ ಅಕ್ಕ ಹಿಂದೆ ಹೀಗೇ ಆಪರೇಷನ್ನಿಗೆಂದು ಒಳಗೆ ಹೋದವರು ನಡೆದು ಹೊರಗೆ ಬಂದಿರಲಿಲ್ಲ. ಕಾಕು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಕೊನೆಗೆ ಕಾಕಾ, "ದೇವರನ್ನ ಕೇಳಿಬಿಡೂಣು," ಎಂದರು.

ನಮ್ಮ ಕಡೆ ಹೂ ಕೇಳುವ ಪದ್ಧತಿ ಉಂಟಲ್ಲ, ಅದು. ಮರಾಠಿಯವರು ಕೌಲ ಎನ್ನುತ್ತಾರೆ. ದೇವರ ಮೈಗೆ ಹೂ ಅಂಟಿಸಿ ಕಾಯುವುದು. ದೇವರ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. ಕಾಕಾನ ದೇವರೋ ಗಾಜಿನ ಚೌಕಟ್ಟಿನೊಳಗಿದ್ದವನು, ಅವನ ಮೈಮೇಲೆ ಹೂ ನಿಲ್ಲುವುದೆಲ್ಲಿ? ಹಾಗಾಗಿ ಮುಂದೆ ಮಣೆ ಹಾಕಿ ಹೂದಾನಿ ಇಡುತ್ತಿದ್ದರು, ಅದರಿಂದ ಉದುರಿದ ಹೂವೇ ಅಪ್ಪಣೆ. ಜೋಡಿಸುವ ಕೈ ಮಾತ್ರ ಯಾವತ್ತೂ ಕಾಕುವಿನದೇ.

ಸಂಜೆ ದೀಪ ಹಚ್ಚಿ ಕೂತೆವು. ಗಾಳಿ ಆಡಬಾರದೆಂದು ಫ್ಯಾನ್ ಆರಿಸಿದ್ದರು. ಹೂದಾನಿಯನ್ನು ನೋಡಿದವಳು ಮತ್ತೊಮ್ಮೆ ನೋಡಿದೆ. ದೇವರ ಬಲಕ್ಕೆ ಬರೀ ಸೇವಂತಿಗೆ. ಎಡಕ್ಕೆ ಬರೀ ಮುತ್ತುಗ. ಸ್ವಲ್ಪ ಹೊತ್ತಿಗೆ ಟಪ್ ಎಂದು ಒಂದು ಕೆಂಪು ಹೂ ಎಡಕ್ಕೆ ಬಿತ್ತು. ಹಿಂದೆಯೇ ಇನ್ನೊಂದು... ಕಾಕು ಕಣ್ಣು ಮುಚ್ಚಿ ನಿರಾಳವಾಗಿ ಉಸಿರು ಬಿಟ್ಟರು.

ಮರುದಿನ ಮೆಟ್ಟಿಲ ಮೇಲೆ ಕಾಕಾನನ್ನು ತಡೆದು ಹೇಳಿಯೇಬಿಟ್ಟೆ. "ಕಾಕಾ, ಅದು ದೇವರ ಮಾತಲ್ರಿ. ಉದುರೂ ಹೂವನ್ನೆಲ್ಲ ಕಾಕು ಎಡಕ್ಕ ಇಟ್ಟಿದ್ರು."

"ಗೊತ್ತದವಾ," ಎಂದರು ಅವರು. "ಆಕಿ ಒಲ್ಲೆ ಅನ್ನೂದನ್ನ ದೇವರ ಬಾಯಿಲೆ ಅನಿಸ್ಯಾಳ. ನಾ ಹೆಂಗ ಇಲ್ಲ ಅನ್ನಲಿ?"

ಆಪರೇಷನ್ನಿನ ಮಾತು ಅಲ್ಲಿಗೇ ನಿಂತಿತು. ಕಾಕು ಕೆಲಸ ಬಿಡಲಿಲ್ಲ. ಆದರೆ ದೊಡ್ಡ ಹೂದಾನಿ ಎತ್ತಲು ನನ್ನನ್ನು ಕರೆಯತೊಡಗಿದರು. ಸೆರಗನ್ನು ಒಂದು ಮಗ್ಗುಲಿಗೆ ಒತ್ತಿ ಹಿಡಿದು ನಡೆಯತೊಡಗಿದರು. ಕೇಳಿದರೆ, "ಥಂಡಿಗೆ ತೋಳು ಹಿಡದದ, ಅಷ್ಟ." ಮೇ ತಿಂಗಳ ಬಿಸಿಲಲ್ಲೂ ಅದೇ ಉತ್ತರ. ಕಾಕಾ ಹೆಂಡತಿಯ ತೋಳನ್ನೇ ನೋಡುತ್ತ ಕೂರುತ್ತಿದ್ದರು.

ಮುಂದಿನ ಶಿವರಾತ್ರಿ ಬಂತು. ಒಂದು ಬೆಳಗ್ಗೆ ಕಾಕಾ ಬಗಲಲ್ಲಿ ಮುತ್ತುಗದ ಟೊಂಗೆ ಅವಚಿಕೊಂಡು ಬಂದರು. ಜೀವಮಾನದಲ್ಲಿ ಒಂದು ಹೂ ಜೋಡಿಸದವರು ತಾವೇ ಜೋಡಿಸಿದರು. ಅದೇನು ಜೋಡಣೆ, ಕಟ್ಟಿಗೆ ಹೊರೆ! ಮುತ್ತುಗವೆಲ್ಲ ದೇವರ ಬಲಕ್ಕೆ. ಹೂ ಬೀಳುವ ತನಕ ತಡೆಯಲಾರದೆ ಅವರು ಮೊಣಕಾಲಿನಿಂದ ಮಣೆಯನ್ನು ಮೆಲ್ಲಗೆ ಅಲುಗಿಸಿದ್ದನ್ನು ನಾವಿಬ್ಬರೂ ಕಂಡೆವು. ಹೂ ಬಿತ್ತು.

ಕಾಕು ಬಿದ್ದು ಬಿದ್ದು ನಕ್ಕರು. "ಏನ್ರೀ ಇದು, ದೇವರನ್ನ ಮೊಣಕಾಲಲೆ ನೂಕಾಕ್ಹತ್ತೀರಿ?" ಕಾಕಾ ತಲೆ ಎತ್ತಲಿಲ್ಲ. ಕಾಕುವಿನ ನಗು ತಾನಾಗಿ ನಿಂತಿತು. ಕಣ್ಣೊರೆಸಿಕೊಂಡು, "ಆತ್ರಿ. ನಡೀರಿ, ಹೋಗೂಣು," ಎಂದರು.

ಕೊಯ್ದು ತೆಗೆಯುವ ಹಂತ ದಾಟಿದೆ, ಹೋದ ವರ್ಷವೇ ಬರಬೇಕಿತ್ತು ಎಂದರಂತೆ ಡಾಕ್ಟರು. ಮೊದಲ ಮಳೆಗೆ ಕಾಕು ಇರಲಿಲ್ಲ. ಕಾಕಾ ತಮ್ಮನ ಮನೆ ಸೇರಿದರು. ಕೆಲವು ವರ್ಷಕ್ಕೆ ಅವರೂ ಹೋದ ಸುದ್ದಿ ಬಂತು.

ಊರವರ ಮನೆಗೆಲ್ಲ ಹೂ ಜೋಡಿಸಿದವರ ಒಂದು ಫೋಟೊ ಕೂಡ ನನ್ನ ಹತ್ತಿರ ಇಲ್ಲ. ಆವತ್ತು ಆಸ್ಪತ್ರೆಗೆ ರಿಕ್ಷಾ ಬಂದು ನಿಂತಾಗ, ಕಾಕಾನ ಅಂಗಿಯ ಗುಂಡಿ ಒಂದು ಕಾಜ ತಪ್ಪಿ ಕೂತಿತ್ತು. ಕಾಕು ಅಷ್ಟನ್ನೂ ಬಿಚ್ಚಿ, ಮೇಲಿನಿಂದ ಒಂದೊಂದಾಗಿ ಸರಿಯಾಗಿ ಹಾಕಿದರು. ಆ ಬೆರಳುಗಳು ಈಗಲೂ ಸ್ಪಷ್ಟವಾಗಿ ಕಾಣುತ್ತವೆ. ಮುಖ ಮಾತ್ರ, ಎಷ್ಟು ನೆನೆದರೂ... ಬರುತ್ತಿಲ್ಲ.